ಮೊದಲು ಮೈಯನ್ನು ಕೇಳಿ, ಆಮೇಲೆ ವಾಚ್ ನೋಡಿ



ಸೋಲಾಪುರದಿಂದ ಪುಣೆ ರಸ್ತೆ ಹಿಡಿದು ಹೊರಟರೆ, ಮೋಹೋಳ ಮುಟ್ಟುವ ಮೊದಲೇ ಚಿಂಚೋಳಿ ಎಂಐಡಿಸಿ ಸಿಗುತ್ತದೆ. ನಿಮ್ಮಲ್ಲಿ ಕೆಲವರ ಅಪ್ಪ, ಕಾಕಾ, ಅಣ್ಣ ಅಲ್ಲಿಯ ಕಂಪನಿಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಿರಬಹುದು. ನಸುಕಿನಲ್ಲಿ ಆ ಕಡೆ ಹೋದವರು ನೋಡಿರುತ್ತೀರಿ. ಅಗಲವಾದ ನೆಟ್ಟನೆಯ ರಸ್ತೆಗಳ ಮೇಲೆ, ಲಾರಿಗಳ ಓಡಾಟ ಶುರುವಾಗುವ ಮೊದಲು, ಹುಡುಗರು ಓಡುತ್ತಿರುತ್ತಾರೆ. ಹೆಚ್ಚಿನವರು ಪೊಲೀಸ್ ಭರತಿಗೋ ಸೈನ್ಯದ ಭರತಿಗೋ ತಯಾರಿ ಮಾಡುವವರು. ಮಹಾರಾಷ್ಟ್ರದ ಪೊಲೀಸ್ ಶಿಪಾಯಿ ಭರತಿಯಲ್ಲಿ ಮೈದಾನದ ಪರೀಕ್ಷೆಗೆ 50 ಅಂಕ. ಅದರಲ್ಲಿ 20 ಅಂಕ ದೂರದ ಓಟಕ್ಕೆ. ಗಂಡುಮಕ್ಕಳಿಗೆ 1600 ಮೀಟರ್, ಹೆಣ್ಣುಮಕ್ಕಳಿಗೆ 800 ಮೀಟರ್. ಕೆಲವೇ ಸೆಕೆಂಡುಗಳ ಮೇಲೆ ಒಂದು ಮನೆಯ ದಾರಿ ಬದಲಾಗುತ್ತದೆ ಎಂದ ಮೇಲೆ ಹುಡುಗರು ಸೆಕೆಂಡುಗಳನ್ನು ಎಣಿಸದೇ ಇರುತ್ತಾರೆಯೇ?

ಈಗ ಅವರಲ್ಲಿ ಬಹಳ ಜನರ ಕೈಯಲ್ಲಿ ಸ್ಮಾರ್ಟ್‌ವಾಚ್ ಇದೆ. ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಹೆಜ್ಜೆ, ಬಡಿತ, ಕ್ಯಾಲೊರಿ, ನಿದ್ದೆ, ಎಲ್ಲವನ್ನೂ ಹೇಳುತ್ತದೆ. ನಿಮ್ಮ ತರಗತಿಯಲ್ಲೂ ಯಾರಾದರೂ ಅಣ್ಣನ ವಾಚ್ ಕಟ್ಟಿಕೊಂಡು ಬಂದಿರಬಹುದು. ಈ ಪಾಠ ಆ ವಾಚಿನ ಬಗ್ಗೆ. ಅದನ್ನು ಕಟ್ಟಿಕೊಂಡ ಕೈಯ ಬಗ್ಗೆಯೂ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಅಕ್ಕಲಕೋಟ ತಾಲೂಕಿನ ಹಳ್ಳಿಯ ಹುಡುಗ, ಎಂಐಡಿಸಿಯಲ್ಲಿ ಕೆಲಸ ಮಾಡುತ್ತ ಭರತಿಗೆ ಓಡುತ್ತಿದ್ದ. ಏಪ್ರಿಲ್ ತಿಂಗಳು. ರಾತ್ರಿ ಪಾಳಿ ಮುಗಿಸಿ ಎಂಟು ಗಂಟೆಯ ಬಿಸಿಲಿಗೆ ಓಡಲು ನಿಂತ. ಎರಡು ದಿನದ ಹಿಂದೆ ಜ್ವರ ಬಂದು ಹೋಗಿತ್ತು. ಅದನ್ನು ನನಗೆ ಹೇಳಿರಲಿಲ್ಲ. ನಾನು ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ಮೂರನೇ ಸುತ್ತಿಗೆ ಅವನ ಹೆಜ್ಜೆ ಅತ್ತಿತ್ತ ಬೀಳತೊಡಗಿತು.

"ವಾಚ್ ಏನ್ ಹೇಳ್ತದೋ?" ಎಂದು ಕೂಗಿದೆ.

"ಹಸಿರು ಅದ ರೀ ಸರ, ನೂರಾ ಇಪ್ಪತ್ತೆಂಟು!"

"ಹಂಗಾದ್ರ ಇನ್ನೊಂದು ಸುತ್ತು ಹೊಡಿ!"

ಹೊಡೆಯಲಿಲ್ಲ. ರಸ್ತೆಯ ಅಂಚಿಗೆ ಕುಸಿದು ಕುಳಿತ, ವಾಂತಿ ಮಾಡಿಕೊಂಡ. ಅಷ್ಟು ಬಿಸಿಲಿನಲ್ಲೂ ಅವನ ತೋಳಿನ ಮೇಲೆ ರೋಮ ನಿಂತಿದ್ದವು. ನೆರಳಿಗೆ ಎಳೆದು, ಒದ್ದೆ ಬಟ್ಟೆ ಹಾಕಿ, ಓಆರ್‌ಎಸ್ ಕುಡಿಸಿ, ದವಾಖಾನೆಗೆ ಕರೆದುಕೊಂಡು ಹೋದೆವು. ಸಂಜೆಯ ಹೊತ್ತಿಗೆ ಸುಧಾರಿಸಿದ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವನ ಅವ್ವ ಕೇಳಿದ್ದರೆ ನಾನು ಏನು ಹೇಳಬೇಕಾಗಿತ್ತು? "ವಾಚ್ ಹಸಿರು ತೋರಿಸ್ತಿತ್ತವ್ವ" ಅಂತಲೇ? ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು: "ನಿನಗ ಹೆಂಗ ಅನಸ್ಲಿಕತ್ತದ?"

ಹಾಗಾದರೆ 128 ಎಂಬ ಸಂಖ್ಯೆ ಎಲ್ಲಿಂದ ಬಂತು? ವಾಚ್ ಸುಳ್ಳು ಹೇಳಿತೇ?

ವಾಚಿನ ಕಣ್ಣು ಏನು ನೋಡುತ್ತದೆ

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ಬೆರಳ ತುದಿಯಿಂದ ಮುಚ್ಚಿರಿ. ಬೆರಳು ಕೆಂಪಗೆ ಹೊಳೆಯುತ್ತದೆ. ಟಾರ್ಚಿನದು ಬಿಳಿ ಬೆಳಕು. ಅದರಲ್ಲಿ ಹಸಿರು, ನೀಲಿ ಎಲ್ಲ ಇವೆ. ಆದರೆ ಹೊರಗೆ ಬರುವುದು ಹೆಚ್ಚಾಗಿ ಕೆಂಪು. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಬಹಳ ಹೀರಿಕೊಳ್ಳುತ್ತದೆ, ಕೆಂಪನ್ನು ಅಷ್ಟು ಹೀರುವುದಿಲ್ಲ.

ಈಗ ವಾಚನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಸಿರು ದೀಪಗಳು ಮಿನುಗುತ್ತವೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಚರ್ಮದೊಳಗಿನ ಸಣ್ಣ ರಕ್ತನಾಳಗಳಿಗೆ ಸ್ವಲ್ಪ ಹೆಚ್ಚು ರಕ್ತ ಬರುತ್ತದೆ. ಆ ಕ್ಷಣ ಹೆಚ್ಚು ಹಸಿರು ಬೆಳಕು ಹೀರಲ್ಪಟ್ಟು, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಎರಡು ಬಡಿತಗಳ ನಡುವೆ ಮತ್ತೆ ಹೆಚ್ಚುತ್ತದೆ. ದೀಪದ ಪಕ್ಕದ ಸಣ್ಣ ಬೆಳಕು-ಸಂವೇದಕ ಈ ಏರಿಳಿತವನ್ನು ಹಿಡಿದು ನಿಮಿಷಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತದೆ. ಅಂದರೆ ವಾಚ್ ಹೃದಯವನ್ನು ನೋಡುವುದಿಲ್ಲ, ಚರ್ಮದಿಂದ ತಿರುಗಿ ಬಂದ ಬೆಳಕನ್ನು ನೋಡುತ್ತದೆ. ಉಳಿದದ್ದು ಊಹೆ. ಒಳ್ಳೆಯ ಊಹೆಯೇ, ಆದರೂ ಊಹೆ.

ಸುಮ್ಮನೆ ಕುಳಿತಾಗ ಈ ಊಹೆ ಬಹಳ ಮಟ್ಟಿಗೆ ಸರಿ ಬರುತ್ತದೆ. ಓಡುವಾಗ ಕೈ ಬೀಸುತ್ತದೆ, ಬೆವರಿಗೆ ಪಟ್ಟಿ ಜಾರುತ್ತದೆ, ವಾಚ್ ಮತ್ತು ಚರ್ಮದ ನಡುವೆ ಸಂದು ಬಿದ್ದು ಹೊರಗಿನ ಬೆಳಕು ಒಳಗೆ ನುಗ್ಗುತ್ತದೆ. ಇನ್ನೊಂದು ತಮಾಷೆಯ ತಪ್ಪೂ ಇದೆ. ಓಡುವವನ ಹೆಜ್ಜೆ ನಿಮಿಷಕ್ಕೆ 160ರಿಂದ 180ರ ಸುಮಾರಿಗೆ ಬೀಳುತ್ತದೆ. ಪ್ರತಿ ಹೆಜ್ಜೆಗೂ ವಾಚ್ ಅಲುಗುತ್ತದೆ, ಬೆಳಕೂ ಅಲುಗುತ್ತದೆ. ಕೆಲವು ಸಲ ವಾಚ್ ಹೆಜ್ಜೆಯನ್ನೇ ಬಡಿತ ಎಂದು ತಿಳಿದು 170 ಎಂದು ತೋರಿಸಿಬಿಡುತ್ತದೆ. ಹೃದಯ ನಿಜವಾಗಿ 140ಕ್ಕೆ ಬಡಿಯುತ್ತಿರಬಹುದು. ನನ್ನ ಹುಡುಗನಿಗೆ ಆದದ್ದು ಇದರ ಉಲ್ಟಾ. ಪಟ್ಟಿ ಸಡಿಲಿತ್ತು, ಬೆವರಿತ್ತು. ನೆರಳಿಗೆ ಕರೆತಂದು ಬೆರಳಿಟ್ಟು ನಾಡಿ ಎಣಿಸಿದಾಗ 170 ದಾಟಿತ್ತು, ವಾಚಿನಲ್ಲಿ ಇನ್ನೂ ಹಸಿರೇ. ಎದೆಗೆ ಕಟ್ಟುವ ಪಟ್ಟಿಗಳು ಬೇರೆ ಥರ. ಅವು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಓಟದಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಫಿನ್‌ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಅಂಥ ತಂತಿಯಿಲ್ಲದ ಸಾಧನವನ್ನು ಮಾರುಕಟ್ಟೆಗೆ ತಂದಿತು. ಓಟಗಾರರು ಓಡುತ್ತಲೇ ತಮ್ಮ ಬಡಿತ ನೋಡಲು ಶುರು ಮಾಡಿದ್ದು ಹೀಗೆ.

ಹೆಜ್ಜೆ ಎಣಿಸುವ ಭಾಗದ ಹೆಸರು ಅಕ್ಸೆಲೆರೋಮೀಟರ್. ವೇಗ ಬದಲಾದದ್ದನ್ನು ಅದು ಗುರುತಿಸುತ್ತದೆ. ಪರೀಕ್ಷೆ ಮಾಡಬೇಕೆಂದರೆ ನಿಮ್ಮ ಅವ್ವ ರೊಟ್ಟಿ ಬಡಿಯುವಾಗ ಅವರ ಕೈಗೆ ವಾಚ್ ಕಟ್ಟಿ ನೋಡಿ. ಒಲೆ ಮುಂದೆ ಕುಳಿತಲ್ಲೇ ನೂರಾರು ಹೆಜ್ಜೆ ನಡೆದಿರುತ್ತಾರೆ! ಜಿಪಿಎಸ್ ಇಲ್ಲದ ಅಗ್ಗದ ವಾಚು ಈ ಹೆಜ್ಜೆಗಳನ್ನೇ ಒಂದು ಅಂದಾಜು ಉದ್ದದಿಂದ ಗುಣಿಸಿ "ಇಷ್ಟು ಕಿಲೋಮೀಟರ್" ಎನ್ನುತ್ತದೆ. ದಣಿದಾಗ ನಿಮ್ಮ ಹೆಜ್ಜೆ ಗಿಡ್ಡವಾಗುತ್ತದೆ. ಅದು ವಾಚಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಸೋತ ದಿನವೇ ಹೆಚ್ಚು ಓಡಿದಂತೆ ಕಾಣಬಹುದು. ಜಿಪಿಎಸ್ ಇದ್ದರೆ ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳ ಸಂಕೇತ ಹಿಡಿದು ಜಾಗ ಗುರುತಿಸುತ್ತದೆ, ಕನಿಷ್ಠ ನಾಲ್ಕು ಉಪಗ್ರಹ ಬೇಕು. ಬಯಲಿನಲ್ಲಿ ಚೆನ್ನಾಗಿ ನಡೆಯುತ್ತದೆ. ಎತ್ತರದ ಶೆಡ್ಡುಗಳ ನಡುವೆ ಸಂಕೇತ ಗೋಡೆಗೆ, ತಗಡಿಗೆ ಬಡಿದು ಸುತ್ತಿ ಬರುವುದರಿಂದ ನೀವು ನೆಟ್ಟಗೆ ಓಡಿದ ರಸ್ತೆ ನಕ್ಷೆಯಲ್ಲಿ ಹಾವಿನಂತೆ ಡೊಂಕಾಗಿರುತ್ತದೆ. ಅಳತೆ ಟೇಪು ಹಿಡಿದು 400 ಮೀಟರ್ ಗುರುತು ಹಾಕಿಕೊಳ್ಳುವುದೇ ನನ್ನ ಪ್ರಕಾರ ಈಗಲೂ ಲೇಸು.

ಇನ್ನು ಕ್ಯಾಲೊರಿ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಣಿಕಟ್ಟಿಗೆ ಕಟ್ಟುವ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಹೃದಯ ಬಡಿತದಲ್ಲಿ ಏಳರಲ್ಲಿ ಆರರ ತಪ್ಪು ಶೇಕಡಾ 5ರ ಒಳಗೇ ಇತ್ತು, ಒಳ್ಳೆಯದೇ. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಸರಿಯಾದ ಸಾಧನವೂ ಸರಾಸರಿ ಶೇಕಡಾ 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇಕಡಾ 93ರಷ್ಟು. ಗಣಿತದ ಪೇಪರಿನಲ್ಲಿ ಹೀಗೆ ಬರೆದರೆ ನಾನು ಎಷ್ಟು ಅಂಕ ಕೊಡುತ್ತಿದ್ದೆ ಎಂದು ನೀವೇ ಹೇಳಿ. ಆದ್ದರಿಂದ "ಇವತ್ತು 500 ಸುಟ್ಟೀನಿ" ಎಂಬ ಮಾತನ್ನು ನಂಬಿ ಊಟ ಬಿಡಬೇಡಿ. ಬೆಳೆಯುವ ವಯಸ್ಸು ನಿಮ್ಮದು.

ಸೂತ್ರದ ಹುಡುಗ, ನಿಜವಾದ ಹುಡುಗ

ವಾಚಿನ ಹಸಿರು, ಹಳದಿ, ಕೆಂಪು ಬಣ್ಣಗಳ ಹಿಂದೆ ಒಂದು ಸೂತ್ರ ಇರುತ್ತದೆ. ನಿಮ್ಮ ಹೃದಯ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಬಡಿಯಬಲ್ಲದು? 220ರಿಂದ ವಯಸ್ಸು ಕಳೆಯಿರಿ. 14 ವರ್ಷಕ್ಕೆ 206. ಈ ಸೂತ್ರ 1970ರ ದಶಕದ ಆರಂಭದಲ್ಲಿ ಬಂತು. ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ಎಳೆದ ಒಂದು ಸ್ಥೂಲ ರೇಖೆ ಅದು. 2001ರಲ್ಲಿ ಇನ್ನೊಂದು ಸೂತ್ರ ಬಂತು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. 14 ವರ್ಷಕ್ಕೆ ಸುಮಾರು 198. ಎರಡೂ ಸೂತ್ರ 40 ವರ್ಷದವರಿಗೆ 180 ಎಂದೇ ಹೇಳುತ್ತವೆ. ನೀವೇ ಲೆಕ್ಕ ಹಾಕಿ. ನಿಮ್ಮ ವಯಸ್ಸಿಗೆ ಮಾತ್ರ ಎಂಟು ಬಡಿತದ ವ್ಯತ್ಯಾಸ.

ದೊಡ್ಡ ಮಾತು ಇದಲ್ಲ. ಸೂತ್ರ ಕೊಡುವುದು ಸರಾಸರಿ. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರದು ಅದಕ್ಕಿಂತ ಹತ್ತು ಹೆಚ್ಚು, ಇನ್ನೊಬ್ಬರದು ಹತ್ತು ಕಡಿಮೆ ಇರುವುದು ತೀರ ಸಾಮಾನ್ಯ, ಅದು ರೋಗವಲ್ಲ. ನಿಮ್ಮ ತರಗತಿಯ ಸರಾಸರಿ ಎತ್ತರಕ್ಕೆ ಹೊಲಿಸಿದ ಸಮವಸ್ತ್ರ ಎಲ್ಲರಿಗೂ ಕೂಡುತ್ತದೆಯೇ? ಸೂತ್ರದ ಬಣ್ಣಗಳೂ ಹಾಗೆಯೇ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯ ಕಥೆಯೂ ಕೇಳಿ: 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಉಪಕರಣಕ್ಕೆ "ಹತ್ತು ಸಾವಿರ ಹೆಜ್ಜೆಯ ಮೀಟರ್" ಎಂಬರ್ಥದ ಹೆಸರಿಟ್ಟು ಮಾರಿತು. ಮಾರಾಟಕ್ಕೆ ಇಟ್ಟ ಹೆಸರು ಇಂದಿಗೂ ಎಲ್ಲರ ಕೈಯ ಮೇಲೆ ಗುರಿಯಾಗಿ ಕುಳಿತಿದೆ.

ಮೈಯೊಳಗಿನ ಮೀಟರುಗಳು

ವಾಚ್ ಬರುವ ಮೊದಲೇ ನಿಮ್ಮೊಳಗೆ ಅಳೆಯುವ ವ್ಯವಸ್ಥೆ ಇದೆ. ಕುತ್ತಿಗೆಯ ರಕ್ತನಾಳಗಳ ಗೋಡೆಯಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಸ್ನಾಯುಗಳಲ್ಲಿ ಎಳೆತ ಅಳೆಯುವ ಸಂವೇದಕಗಳಿವೆ. ಮಿದುಳಿನ ತಳದಲ್ಲಿ ಒಂದು ಭಾಗ ರಕ್ತ ಎಷ್ಟು ಗಟ್ಟಿಯಾಯಿತು ಎಂದು ನೋಡಿ ಬಾಯಾರಿಕೆ ಹುಟ್ಟಿಸುತ್ತದೆ. ಓಡುವಾಗ ಏದುಸಿರು ಬರುತ್ತದಲ್ಲ, ಅದು ಆಮ್ಲಜನಕ ಕಡಿಮೆಯಾಯಿತು ಎಂದು ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಾಗಿ ಅದನ್ನು ಎಬ್ಬಿಸುವುದು ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಈ ಎಲ್ಲ ಸುದ್ದಿ ಮಿದುಳಿಗೆ ಸೇರಿ ಒಂದೇ ಮಾತಾಗಿ ಹೊರಬರುತ್ತದೆ: "ಆರಾಮ ಅದ", "ಭಾರ ಆಗ್ಲಿಕತ್ತದ", "ಸಾಕಾತು". ವಾಚ್ ಒಂದೆರಡು ಸಂಕೇತ ನೋಡಿ ಹೇಳುವುದನ್ನು ಈ ಮಾತು ನೂರಾರು ಸಂಕೇತ ಕೂಡಿಸಿ ಹೇಳುತ್ತದೆ. ಇದನ್ನು ಒಳಅರಿವು ಎನ್ನೋಣ.

ಪಂಢರಪುರದ ವಾರಿಯನ್ನು ನೋಡಿದ್ದೀರಿ. ಆಳಂದಿಯಿಂದ, ದೇಹುವಿನಿಂದ ಹೊರಟ ಪಾಲಖಿಗಳ ಜೊತೆ ಮೂರು ವಾರ ಹತ್ತಿರ, ಸುಮಾರು 250 ಕಿಲೋಮೀಟರ್ ನಡೆದು ಜನ ನಮ್ಮ ಜಿಲ್ಲೆಗೆ ಬರುತ್ತಾರೆ. ಅರವತ್ತು, ಎಪ್ಪತ್ತು ವರ್ಷದ ಅಜ್ಜಿಯರು ತಲೆಯ ಮೇಲೆ ತುಳಸಿ ಹೊತ್ತು ನಡೆಯುತ್ತಾರೆ. ಅವರ ವೇಗ ನಿಗದಿ ಮಾಡುವುದು ಯಾವುದು? ಗಮನಿಸಿ: ಅವರು ಹಾಡುತ್ತ ನಡೆಯುತ್ತಾರೆ. ಹಾಡು ಹೇಳಲು ಉಸಿರು ಉಳಿದಿರಬೇಕು. ತಾಳ ತಪ್ಪಿತು, ದನಿ ತುಂಡಾಯಿತು ಎಂದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ನಡುವೆ ವಿಸಾವಾ ಇದ್ದೇ ಇದೆ. ವ್ಯಾಯಾಮ ವಿಜ್ಞಾನದಲ್ಲಿ ಇದಕ್ಕೆ ಮಾತಿನ ಪರೀಕ್ಷೆ ಎಂದು ಹೆಸರು: ಹಾಡಬಲ್ಲಿರಾದರೆ ಶ್ರಮ ಹಗುರ, ಮಾತಾಡಬಹುದು, ಹಾಡಲಾಗದು ಎಂದರೆ ಮಧ್ಯಮ, ಎರಡು ಮೂರು ಶಬ್ದಕ್ಕೇ ಉಸಿರು ಕಟ್ಟಿದರೆ ಜೋರು. ಬ್ಯಾಟರಿ ಬೇಡ, ಚಾರ್ಜರ್ ಬೇಡ. ಕೋಜಾಗಿರಿ ಹುಣ್ಣಿಮೆಗೆ ಸೋಲಾಪುರದಿಂದ ತುಳಜಾಪುರಕ್ಕೆ ರಾತ್ರಿಯಿಡೀ ನಡೆಯುವವರ ಜೊತೆ ಹೋದರೆ ನೀವೇ ಇದನ್ನು ಪರೀಕ್ಷೆ ಮಾಡಬಹುದು.

ಅನಿಸಿಕೆಗೆ ಅಂಕ ಕೊಡಬಹುದು ಎಂದು ತೋರಿಸಿದವರು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್. 1960ರ ದಶಕದಲ್ಲಿ ಅವರು ಮಾಡಿದ ಮಾಪನ 6ರಿಂದ 20ರವರೆಗೆ ಇತ್ತು. ಯಾಕೆ ಈ ವಿಚಿತ್ರ ಸಂಖ್ಯೆಗಳು? ಹತ್ತರಿಂದ ಗುಣಿಸಿ: 60ರಿಂದ 200. ಸುಮಾರಾಗಿ ಯುವಕರ ಹೃದಯ ಬಡಿತ! "ಎಷ್ಟು ಕಷ್ಟ ಅನಿಸ್ತಿದೆ" ಎಂದು ಕೇಳಿದರೆ ಜನ ಕೊಡುವ ಉತ್ತರ ಬಡಿತದ ಜೊತೆಗೇ ಏರುತ್ತದೆ ಎಂದು ಅವರು ಕಂಡಿದ್ದರು. ಆಮೇಲೆ 0ರಿಂದ 10ರ ಸುಲಭ ಮಾಪನವೂ ಬಂತು. ಕ್ರೀಡಾಪಟುಗಳ ಮೇಲಿನ 56 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2016ರ ಒಂದು ವಿಮರ್ಶೆ, ತರಬೇತಿಯ ಭಾರ ಹೆಚ್ಚು ಕಡಿಮೆಯಾದದ್ದನ್ನು ರಕ್ತ ಪರೀಕ್ಷೆ, ಬಡಿತ ಮುಂತಾದ ಅಳತೆಗಳಿಗಿಂತ ಆಟಗಾರರ ಸ್ವಂತ ಮಾತೇ ಹೆಚ್ಚು ಸೂಕ್ಷ್ಮವಾಗಿ ತೋರಿಸುತ್ತದೆ ಎಂದು ಹೇಳಿತು.

ಮೈಯೂ ತಪ್ಪು ಹೇಳುತ್ತದೆ

ಇಲ್ಲಿಗೆ "ವಾಚ್ ಬಿಸಾಕಿರಿ" ಎಂದು ಮುಗಿಸಿದರೆ ಅದು ವಿಜ್ಞಾನದ ಪಾಠ ಆಗುವುದಿಲ್ಲ. ಒಳಅರಿವಿಗೂ ಮೋಸ ಹೋಗುವ ಜಾಗಗಳಿವೆ.

ಒಂದನ್ನು ನಿಮ್ಮ ಮೈದಾನದಲ್ಲೇ ನೋಡಬಹುದು. 1600 ಮೀಟರ್, ಅಂದರೆ 400ರ ನಾಲ್ಕು ಸುತ್ತು. ಗುರಿ 5 ನಿಮಿಷ 40 ಸೆಕೆಂಡು ಎನ್ನಿ. ಸುತ್ತಿಗೆ 85 ಸೆಕೆಂಡು. ಹೊಸ ಹುಡುಗ ಮೊದಲ ಸುತ್ತನ್ನು 72ಕ್ಕೆ ಓಡುತ್ತಾನೆ. ಕೇಳಿದರೆ "ಭಾಳ ಹಗುರ ಅನಿಸ್ತು ರೀ" ಎನ್ನುತ್ತಾನೆ. ಸುಳ್ಳಲ್ಲ, ನಿಜವಾಗಿಯೂ ಹಗುರ ಅನಿಸಿರುತ್ತದೆ. ಓಟ ಶುರುವಾದ ಕೂಡಲೇ ಹೃದಯ, ಶ್ವಾಸಕೋಶ ಪೂರ್ತಿ ವೇಗಕ್ಕೆ ಬರುವುದಿಲ್ಲ; ಒಂದೆರಡು ನಿಮಿಷ ಬೇಕು. ಅಲ್ಲಿಯವರೆಗೆ ಸ್ನಾಯುಗಳು ಕೂಡಿಟ್ಟದ್ದನ್ನು ಖರ್ಚು ಮಾಡುತ್ತವೆ, ಆಮ್ಲಜನಕವಿಲ್ಲದೆಯೂ ಶಕ್ತಿ ಹುಟ್ಟಿಸುತ್ತವೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ತಂದಂತೆ. ಲೆಕ್ಕದ ಚೀಟಿ ಬರುವುದು ಮೂರನೇ ಸುತ್ತಿಗೆ. 72, 84, 93, 97: ಕೂಡಿಸಿ, 346 ಸೆಕೆಂಡು, ಅಂದರೆ 5 ನಿಮಿಷ 46. ಸಮವಾಗಿ 85ರಂತೆ ಓಡಿದ್ದರೆ ಆರು ಸೆಕೆಂಡು ಮೊದಲೇ ಮುಗಿಯುತ್ತಿತ್ತು, ಅದೂ ಇಷ್ಟು ಯಾತನೆ ಇಲ್ಲದೆ. ಇಲ್ಲಿ ಮೈಗಿಂತ ಗಡಿಯಾರ ಸರಿ. ಭರತಿಯ ದಿನ ಸುತ್ತ ಜನ, ಶಿಟ್ಟಿ, ಗದ್ದಲ, ಎದೆಯಲ್ಲಿ ಅಡ್ರಿನಲಿನ್. ಅಂದು ಮೈಯ ಮಾತು ಇನ್ನೂ ಹುರುಪಿನದಾಗಿರುತ್ತದೆ.

ಎರಡನೆಯದು ನಮ್ಮ ಊರಿನ ಬಿಸಿಲು. ಮೇ ತಿಂಗಳಲ್ಲಿ ಸೋಲಾಪುರದ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದೇನಲ್ಲ. ಬೆವರಿನಲ್ಲಿ ನೀರು ಹೋದಂತೆ ರಕ್ತದ ಪ್ರಮಾಣ ಇಳಿಯುತ್ತದೆ. ಇರುವ ರಕ್ತದಲ್ಲಿ ಒಂದು ಪಾಲು ತಂಪು ಮಾಡಲು ಚರ್ಮಕ್ಕೆ ಹೋಗಬೇಕು. ಅದೇ ವೇಗದಲ್ಲಿ ಓಡುತ್ತಿದ್ದರೂ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ, ನಿಮಿಷಕ್ಕೆ ಹತ್ತಿಪ್ಪತ್ತು ಹೆಚ್ಚು. ಇದನ್ನು ಸರಿಯಾಗಿ ಕಟ್ಟಿದ ವಾಚ್ ಮೊದಲೇ ತೋರಿಸಬಲ್ಲದು. ಬಾಯಾರಿಕೆ ಹಿಂದೆ ಉಳಿಯಬಹುದು. ಬಿಸಿ ವಿಪರೀತವಾಗಿ ಮೈಯೊಳಗಿನ ಉಷ್ಣಾಂಶ 40 ಡಿಗ್ರಿ ಮುಟ್ಟಿದರಂತೂ ಮಿದುಳೇ ತಬ್ಬಿಬ್ಬಾಗುತ್ತದೆ. ಅಳೆಯುವ ಮೀಟರೇ ಕೆಟ್ಟ ಮೇಲೆ "ಆರಾಮ ಅದೀನಿ" ಎಂಬ ಮಾತಿಗೆ ಬೆಲೆಯಿಲ್ಲ. ಆಗ ನೋಡಬೇಕಾದವರು ಜೊತೆಗಾರರು: ತೊದಲು ಮಾತು, ತೂರಾಡುವ ಹೆಜ್ಜೆ, ವಾಂತಿ, ಬಿಸಿಲಲ್ಲಿ ಚಳಿ, ರೋಮ ನಿಲ್ಲುವುದು. ತಕ್ಷಣ ನಿಲ್ಲಿಸಿ, ನೆರಳಿಗೆ ತನ್ನಿ, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಓಡುವಾಗ ಎದೆ ನೋವು ಬಂದರೆ, ಕಣ್ಣಿಗೆ ಕತ್ತಲೆ ಕವಿದರೆ, ವಾಚ್ ಯಾವ ಬಣ್ಣ ತೋರಿಸುತ್ತಿದ್ದರೂ ಓಟ ಅಲ್ಲಿಗೇ ನಿಲ್ಲಬೇಕು, ಡಾಕ್ಟರಿಗೆ ತೋರಿಸಬೇಕು. ಜ್ವರ ಇದ್ದಾಗ ಓಡುವಂತೆಯೇ ಇಲ್ಲ.

ವಹಿ ಮಾಡಿ ನೋಡಿ

ನನ್ನ ಹುಡುಗ ಬಿದ್ದ ಮೇಲೆ ನಾವಿಬ್ಬರೂ ಸೇರಿ ಒಂದು ವಹಿ ಮಾಡಿದೆವು. ನೀವೂ ಮಾಡಬಹುದು, ವಾಚ್ ಇಲ್ಲದಿದ್ದರೂ ನಡೆಯುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳು (ತೋರುಬೆರಳು, ನಡುಬೆರಳು) ಇಟ್ಟು ನಾಡಿ ಎಣಿಸಿ. ಹೆಬ್ಬೆರಳಿಂದ ಒತ್ತಬೇಡಿ, ಅದಕ್ಕೇ ಒಂದು ನಾಡಿ ಇದೆ, ಲೆಕ್ಕ ಕಲಸಿಹೋಗುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. 15 ಸೆಕೆಂಡಿಗೆ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತ ತಪ್ಪಿದರೂ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ ಎಂಬುದು ನಿಮಗೆ ಹೊಳೆದಿರಬೇಕು. ಹತ್ತು ದಿನ ಬರೆದರೆ ನಿಮ್ಮದೇ ಸಾಮಾನ್ಯ ಸಂಖ್ಯೆ ಸಿಗುತ್ತದೆ. ಪಕ್ಕದವನ ಸಂಖ್ಯೆ ನಿಮಗೆ ಬೇಡ. ದಿನಾ 64 ಇರುವವರಿಗೆ ಒಂದು ಬೆಳಿಗ್ಗೆ 76 ಬಂತೆಂದರೆ ಏನೋ ಇದೆ: ನಿದ್ದೆಗೆಟ್ಟದ್ದೋ, ಜ್ವರದ ಮುನ್ಸೂಚನೆಯೋ, ನಿನ್ನೆಯ ಓಟದ ದಣಿವೋ.

ಆಮೇಲೆ ಶ್ರಮದ ಅಂಕ. ನಮ್ಮ ಮಾಪನವನ್ನು ನಮ್ಮ ಮಾತಲ್ಲೇ ಮಾಡಿಕೊಂಡೆವು, ಯಾಕೆಂದರೆ "ಅತಿ ಕಠಿಣ" ಎಂಬ ಪುಸ್ತಕದ ಶಬ್ದ ಓಡುವಾಗ ಯಾರ ಬಾಯಿಗೂ ಬರುವುದಿಲ್ಲ. ಸೊನ್ನೆ ಅಂದರೆ "ಕುಂತಂಗ ಅದ". ಎರಡಕ್ಕೆ "ಆರಾಮ, ಹಾಡು ಬರ್ತದ". ನಾಲ್ಕಕ್ಕೆ "ಮಾತು ಬರ್ತದ, ಹಾಡು ಬರಂಗಿಲ್ಲ". ಆರಕ್ಕೆ "ದಮ್ಮ ಹತ್ತಲಿಕತ್ತದ". ಎಂಟಕ್ಕೆ "ಬರೇ ಹೂಂ, ಉಹೂಂ". ಹತ್ತಕ್ಕೆ "ಮುಗೀತು, ಇನ್ನ ಆಗಂಗಿಲ್ಲ". ನಿಮ್ಮ ಊರಿನ ಶಬ್ದ ಬೇರೆ ಇದ್ದರೆ ಅದನ್ನೇ ಇಡಿ. ಓಟ ಮುಗಿದ ಅರ್ಧ ತಾಸಿಗೆ, ಉಸಿರು ಶಾಂತವಾದ ಮೇಲೆ, ಇಡೀ ಓಟಕ್ಕೆ ಒಂದು ಅಂಕ ಕೊಡಿ. ಅದನ್ನು ನಿಮಿಷಗಳಿಂದ ಗುಣಿಸಿ. ಅರ್ಧ ತಾಸಿನ ನಿಧಾನ ಓಟಕ್ಕೆ 3 ಕೊಟ್ಟರೆ 90. ಹದಿನೈದೇ ನಿಮಿಷದ ಜೋರು ಓಟಕ್ಕೆ 8 ಕೊಟ್ಟರೆ 120. ಕಡಿಮೆ ಹೊತ್ತಿನ ಓಟವೇ ಮೈಗೆ ಹೆಚ್ಚು ಭಾರವಾಯಿತು! ಅಮೆರಿಕದ ಕಾರ್ಲ್ ಫಾಸ್ಟರ್ ಎಂಬ ವಿಜ್ಞಾನಿ ರೂಢಿಗೆ ತಂದ ಈ ಗುಣಾಕಾರವನ್ನು ದೊಡ್ಡ ದೊಡ್ಡ ತಂಡಗಳು ಬಳಸುತ್ತವೆ. ಬೇಕಾದದ್ದು ಪೆನ್ಸಿಲ್ ಮಾತ್ರ. ವಾರದ ಮೊತ್ತ ಹಾಕಿ. ಒಂದು ವಾರದಿಂದ ಇನ್ನೊಂದಕ್ಕೆ ಮೊತ್ತ ಒಮ್ಮೆಲೇ ಜಿಗಿದರೆ ಕಾಲು, ಮೊಣಕಾಲು ದೂರು ಹೇಳುವ ದಿನ ಹತ್ತಿರ ಬಂದಿದೆ.

ವಾಚ್ ಇದ್ದವರಿಗೆ ಒಂದೇ ನಿಯಮ. ವಾಚನ್ನು ಕರ್ಚೀಫಿನಿಂದ ಮುಚ್ಚಿ ಓಡಿ. ಸುತ್ತು ಮುಗಿದಾಗ "ಎಷ್ಟು ಸೆಕೆಂಡು ಆಗಿರಬೇಕು? ಬಡಿತ ಎಷ್ಟಿರಬೇಕು?" ಎಂದು ಮೊದಲು ಊಹಿಸಿ, ಗೆಳೆಯನಿಗೆ ಹೇಳಿ, ಆಮೇಲೆ ಬಿಚ್ಚಿ ನೋಡಿ. ಮೊದಲ ದಿನ ಹತ್ತು, ಹದಿನೈದು ಸೆಕೆಂಡು ತಪ್ಪುತ್ತೀರಿ. ದಿನ ಕಳೆದಂತೆ ತಪ್ಪು ಕಡಿಮೆಯಾಗುತ್ತದೆ. ವಾಚ್ ಇಲ್ಲಿ ಮೇಷ್ಟರಲ್ಲ, ಉತ್ತರ ಪತ್ರಿಕೆ. ಎರಡೂ ಹೊಂದದ ದಿನ ಬಂದರೆ, ಅಂದರೆ ವಾಚ್ ಹಗುರ ಎನ್ನುತ್ತದೆ, ಮೈ ಭಾರ ಎನ್ನುತ್ತದೆ, ಆ ದಿನವನ್ನು ವಹಿಯಲ್ಲಿ ಕೆಂಪು ಪೆನ್ನಿನಿಂದ ಗುರುತಿಸಿ. ಪಟ್ಟಿ ಸಡಿಲಿತ್ತೇ? ಬಿಸಿಲಿತ್ತೇ? ಊಟ ಬಿಟ್ಟಿತ್ತೇ? ಕಾರಣ ಸಿಗುವವರೆಗೆ ಮೈ ಹೇಳಿದ ಕಡೆಗೇ ವಾಲಿ, ನಿಧಾನಿಸಿ.

ನಮ್ಮ ಬಳಿ ವಾಚ್ ಇಲ್ಲವಲ್ಲ ಎಂದು ಕೊರಗುವವರಿಗೆ ಇಬ್ಬರನ್ನು ನೆನಪಿಸುತ್ತೇನೆ. ನಮ್ಮ ಮಾಳಶಿರಸ ತಾಲೂಕಿಗೆ ಅಂಟಿಕೊಂಡ ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಮೋಹಿ ಎಂಬ ಬರದ ಹಳ್ಳಿಯಿಂದ ಬಂದ ಲಲಿತಾ ಬಾಬರ್ 2016ರ ರಿಯೊ ಒಲಿಂಪಿಕ್ಸಿನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಫೈನಲ್ ಮುಟ್ಟಿ ಹತ್ತನೆಯವರಾದರು. 1984ರಲ್ಲಿ ಪಿ.ಟಿ. ಉಷಾ ಓಡಿದ ಮೇಲೆ ಒಲಿಂಪಿಕ್ ಟ್ರ್ಯಾಕಿನ ಫೈನಲ್‌ಗೆ ಬಂದ ಮೊದಲ ಭಾರತೀಯ ಮಹಿಳೆ ಅವರು. ಬೀಡ್ ಜಿಲ್ಲೆಯ ಮಾಂಡವಾ ಗ್ರಾಮದ ಅವಿನಾಶ್ ಸಾಬಳೆ ಚಿಕ್ಕಂದಿನಲ್ಲಿ ಬಸ್ಸಿಲ್ಲದ ಕಾರಣ ಆರು ಕಿಲೋಮೀಟರ್ ದೂರದ ಶಾಲೆಗೆ ನಡೆದೋ ಓಡಿಯೋ ಹೋದವರು. ಸೈನ್ಯ ಸೇರಿದ ಮೇಲೆ ಓಟಗಾರರಾದರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರ ಸಮಯ 8 ನಿಮಿಷ 11.20 ಸೆಕೆಂಡು, ಚಿನ್ನ ಗೆದ್ದ ಕೀನ್ಯಾದವನದು 8 ನಿಮಿಷ 11.15. ಆ 0.05 ಸೆಕೆಂಡನ್ನು ಅಳೆಯಲು ಯಂತ್ರವೇ ಬೇಕು. ಆದರೆ ಕೊನೆಯ ಸುತ್ತಿಗೆ ಕಾಲಲ್ಲಿ ಇನ್ನೆಷ್ಟು ಉಳಿದಿದೆ ಎಂದು ತೂಗಿ ನೋಡಿ ಓಡಿದ್ದು ಅವರೇ.

ನನ್ನ ಹುಡುಗ ಮೊನ್ನೆ ವಹಿ ತಂದು ತೋರಿಸಿದ. ಈಗ ವಾಚ್ ಪಟ್ಟಿಯನ್ನು ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲೆ, ಬಿಗಿಯಾಗಿ ಕಟ್ಟುತ್ತಾನೆ. 1600 ಮೀಟರಿನ ಸುತ್ತುಗಳು 86, 86, 87, 84ಕ್ಕೆ ಬಂದಿವೆ. ಭರತಿ ಇನ್ನೂ ಮುಂದಿದೆ. ಒಂದು ಗುರುವಾರದ ಸಾಲು ಹೀಗಿತ್ತು: "ರಾತ್ರಿ ಪಾಳಿ. ನಿದ್ದೆ 4 ತಾಸು. ನಾಡಿ 74, ದಿನಾ 62. ಓಡೂ ಮೊದಲೇ ಮೈ 5 ಅಂತದ. ವಾಚ್ ಇವತ್ತಿನ ಗುರಿ ಬಾಕಿ ಅದ ಅಂತ ಮೂರು ಸಲ ಕುಣೀತು. ಓಡಲಿಲ್ಲ. ಅರ್ಧ ತಾಸು ನಡದು ಬಂದು ಮಲಗಿದೆ."